ಕಾಣದವರ ಕಾಸು

ನನಗೆ ಇಸ್ಪೀಟು ಆಡಲು ಬರುತ್ತದೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಾರೆ. ದುಡ್ಡು ಕಟ್ಟಿ ಆಡುತ್ತಿದ್ದೆ ಎಂದರೆ ಯಾರೂ ನಗಲಾರರು. ಆದ್ದರಿಂದ ಎರಡನೆಯದನ್ನು ಅಲ್ಲಿ ಹೇಳಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ, ಸಮಾಜ ವಿಜ್ಞಾನ ಹೇಳಿಕೊಟ್ಟು, ನೀತಿ ಪಾಠದ ಪಿರಿಯಡ್ಡನ್ನೂ ತೆಗೆದುಕೊಂಡವಳು ಐವತ್ತು ದಾಟಿದ ಮೇಲೆ ಜೂಜಿಗೆ ಕುಳಿತಳು ಎಂದರೆ ಕೇಳುವವರಿಗೂ ಕಷ್ಟ, ಹೇಳುವವಳಿಗೂ ಕಷ್ಟ. ಆದರೆ ಅದರಿಂದ ಹುಟ್ಟಿದ ಒಂದು ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ನನ್ನ ತಮ್ಮನ ಮಗ ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಅವನಿದ್ದ ಪೀಜಿ ಮುಚ್ಚಿದ್ದರಿಂದ ವಿಜಯನಗರದ ನಮ್ಮ ಮನೆಗೆ ಬಂದು ಕುಳಿತ. ಹಗಲೆಲ್ಲ ಲ್ಯಾಪ್‌ಟಾಪು, ರಾತ್ರಿಯೆಲ್ಲ ಫೋನು. ಒಂದು ರಾತ್ರಿ ನೀರು ಕುಡಿಯಲು ಎದ್ದವಳು ಏನೋ ಮಾಡುತ್ತಿದ್ದಾನಲ್ಲ ಎಂದು ಇಣುಕಿದರೆ, ಪರದೆಯ ಮೇಲೆ ಹಸಿರು ಮೇಜು, ಅದರ ಮೇಲೆ ಇಸ್ಪೀಟು ಎಲೆ. "ಇದೇನೋ ಇದು?" ಎಂದೆ. "ಪೋಕರ್ ಅತ್ತೆ. ಕೂತ್ಕೊಳ್ಳಿ, ಹೇಳಿಕೊಡ್ತೀನಿ" ಎಂದ. ಬೈಯಬೇಕಾಗಿದ್ದವಳು ಕುಳಿತೆ.

ನಮ್ಮ ಮನೆತನಕ್ಕೆ ಎಲೆಯಾಟ ಹೊಸದೇನಲ್ಲ. ಮಂಡ್ಯದ ಕಡೆಯ ನಮ್ಮೂರಿನಲ್ಲಿ ಯುಗಾದಿ ಬಂತೆಂದರೆ ಗಂಡಸರು ಅರಳಿಕಟ್ಟೆಯ ಮೇಲೆ ಅಂದರ್ ಬಾಹರ್‌ಗೆ ಕೂರುವುದು ಹಬ್ಬದ ಒಂದು ಅಂಗವೇ ಆಗಿತ್ತು. ಹೊಸತೊಡಕಿನ ಬಾಡೂಟ ಮುಗಿಯುವ ತನಕ ಅದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ. ಅವ್ವ ಮಾತ್ರ ಆ ಎರಡು ದಿನ ಅಪ್ಪನ ಜೇಬಿನ ಮೇಲೆ ಒಂದು ಕಣ್ಣಿಟ್ಟೇ ಹೋಳಿಗೆ ಬೇಯಿಸುತ್ತಿದ್ದಳು. ಮದುವೆಯಾಗಿ ರಾಜಾಜಿನಗರಕ್ಕೆ ಬಂದರೆ, ಇಲ್ಲಿ ಅತ್ತೆಯವರಿಗೆ ಶಿವರಾತ್ರಿ ಜಾಗರಣೆಗೆ ಚೌಕಾಬಾರ ಆಗಲೇಬೇಕು. ಪಣಕ್ಕೆ ಹುಣಸೆ ಬೀಜ. ಬೆಳಗಿನ ಜಾವಕ್ಕೆ ಯಾರ ಮುಂದೆ ಎಷ್ಟೇ ಗುಡ್ಡೆ ಬಿದ್ದಿರಲಿ, ಎಲ್ಲವೂ ಮತ್ತೆ ಅದೇ ಹಾರ್ಲಿಕ್ಸ್ ಡಬ್ಬಿಗೆ. ಮುಂದಿನ ವರ್ಷಕ್ಕೆ ಅದೇ ಬೀಜ.

ಪೋಕರ್ ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. 52 ಎಲೆ, ಜೋಕರ್ ಇಲ್ಲ. ಪ್ರತಿಯೊಬ್ಬರಿಗೂ ಎರಡೆರಡು ಎಲೆ, ಮುಚ್ಚಿ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಹಾಗೆ ಐದು ಎಲೆ, ತೆರೆದು. ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ಕೈಯಲ್ಲಿರುವ ಎರಡು, ಕೆಳಗಿರುವ ಐದು, ಈ ಏಳರಲ್ಲಿ ಯಾವ ಐದು ಚೆನ್ನಾಗಿ ಕೂಡುತ್ತದೋ ಅದು ನಿಮ್ಮ ಆಟ. ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಥರದ ಮೂರು, ಹೀಗೆ ಮೇಲಕ್ಕೆ ಹೋಗುತ್ತದೆ. ಎಲೆ ಕೊಡುವ ಮೊದಲೇ ಇಬ್ಬರು ಸರದಿಯ ಮೇಲೆ ಒಂದಿಷ್ಟು ಕಟ್ಟಬೇಕು, ಅದಕ್ಕೆ ಬ್ಲೈಂಡ್ ಎಂದು ಹೆಸರು. ಆಮೇಲೆ ಎಲೆ ಬಿದ್ದ ಹಾಗೆಲ್ಲ ಕಟ್ಟುತ್ತ ಹೋಗಬೇಕು, ಬೇಡವೆಂದರೆ ಎಲೆ ಬಿಟ್ಟು ಸುಮ್ಮನೆ ಕೂರಬೇಕು. ಹಾಗೆ ಬಿಡುವುದೇ ಫೋಲ್ಡ್. ತಮಾಷೆಯೆಂದರೆ, ಕೈಯಲ್ಲಿ ಏನೂ ಇಲ್ಲದೆಯೂ ಎದುರಿನವರನ್ನು ಹೆದರಿಸಿ ಗೆಲ್ಲಬಹುದು. ಇದು ಮಾತ್ರ ನನಗೆ ಬೇಗ ಬಂತು. ಹೋಂವರ್ಕ್ ಪುಸ್ತಕ ತೆರೆಯದೆಯೇ "ಯಾರು ಬರೆದಿಲ್ಲ ಅಂತ ನನಗೆ ಗೊತ್ತು" ಎಂದು ಇಡೀ ತರಗತಿಯನ್ನು ಹೆದರಿಸಿದವಳಲ್ಲವೆ ನಾನು?

ಹುಡುಗ ಒಳ್ಳೆಯ ಮೇಷ್ಟ್ರು. "ಅತ್ತೆ, ಹೊಸಬರು ಸೋಲೋದು ಕೆಟ್ಟ ಎಲೆ ಬಂದು ಅಲ್ಲ, ಕೆಟ್ಟ ಎಲೆ ಬಿಡದೆ. ಹತ್ತು ಸಲ ಎಲೆ ಬಂದ್ರೆ ಎಂಟು ಸಲ ಬಿಟ್ಟುಬಿಡಿ" ಎಂದ. ಕೈಗೆ ಜೋಡಿ ಬರುವುದು 17 ಸಲಕ್ಕೆ ಒಮ್ಮೆ, ಎಕ್ಕದ ಜೋಡಿಯೇ ಬರಬೇಕೆಂದರೆ 221 ಸಲಕ್ಕೆ ಒಮ್ಮೆ. ಕೈಯಲ್ಲಿ ಎರಡು ಆಟಿನ್ ಇದ್ದು ಮೊದಲ ಮೂರು ಎಲೆಯಲ್ಲಿ ಇನ್ನೆರಡು ಆಟಿನ್ ಬಿದ್ದರೆ, ಉಳಿದಿರುವ ಆಟಿನ್ ಒಂಬತ್ತು, ಕಾಣದ ಎಲೆ 47. ಐದನೆಯ ಆಟಿನ್ ಬರುವ ಸಂಭವ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಇಂಥ ಲೆಕ್ಕವನ್ನೆಲ್ಲ ಹಳೆಯ ಅಟೆಂಡೆನ್ಸ್ ಪುಸ್ತಕದ ಹಿಂದೆ ಬರೆದುಕೊಂಡೆ. ಮೊದಲ ಒಂದು ವರ್ಷ ಸುಳ್ಳು ನಾಣ್ಯದಲ್ಲೇ ಆಡಿದೆ. ದುಡ್ಡಿಲ್ಲ, ಕಾಸಿಲ್ಲ. ಹುಣಸೆ ಬೀಜದ ಹಾಗೆಯೇ.

2021ರ ಆಗಸ್ಟಿನಲ್ಲಿ ಮೆಟ್ರೋ ಕೆಂಗೇರಿಯವರೆಗೆ ಓಡತೊಡಗಿತು. ಆ ವೇಳೆಗೆ ಹುಡುಗ ಕೆಂಗೇರಿ ಉಪನಗರದಲ್ಲಿ ಸ್ವಂತ ಮನೆ ಮಾಡಿದ್ದ. ಭಾನುವಾರ ಡಬ್ಬಿಯಲ್ಲಿ ಹುಳಿ, ಪಲ್ಯ ತೆಗೆದುಕೊಂಡು ನಾನು ಹೋಗುತ್ತಿದ್ದೆ. ಅದೇ ಅಕ್ಟೋಬರಿನಲ್ಲಿ ನಮ್ಮ ಸರ್ಕಾರ ಕಾನೂನು ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಲ್ಲಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ಕಾನೂನಿನ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎನ್ನುವುದು ಅಲ್ಲಿಯ ವಾದದ ತಿರುಳು. ರಮ್ಮಿಯಲ್ಲಿ ಜಾಣತನವೇ ಹೆಚ್ಚು ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿತ್ತಂತೆ. ಪೋಕರ್ ಬಗ್ಗೆ ಮಾತ್ರ ಎಲ್ಲ ಕೋರ್ಟುಗಳದೂ ಒಂದೇ ಮಾತಲ್ಲ; 2017ರಲ್ಲಿ ಗುಜರಾತಿನ ಹೈಕೋರ್ಟು ಅದನ್ನು ಅದೃಷ್ಟದ ಆಟವೆಂದೇ ತೀರ್ಮಾನಿಸಿತ್ತು. ನಮ್ಮ ಹುಡುಗ ಗುಜರಾತಿನದನ್ನು ಹೇಳಲಿಲ್ಲ. "ನೋಡಿ ಅತ್ತೆ, ಇದು ಜೂಜಲ್ಲ, ಬುದ್ಧಿವಂತಿಕೆ. ಕೋರ್ಟೇ ಹೇಳಿದೆ" ಎಂದ. ನನಗೂ ಅದೇ ಬೇಕಿತ್ತು. ಐನೂರು ರೂಪಾಯಿ ಹಾಕಿದೆ. ಮನೆಯವರಿಗೆ ಹೇಳಲಿಲ್ಲ. ಹೇಳದೆ ಇದ್ದದ್ದೇ ಒಂದು ಉತ್ತರವಾಗಿತ್ತೇನೋ.

ಒಂದು ರಾತ್ರಿಯ ಆಟ ಚೆನ್ನಾಗಿ ನೆನಪಿದೆ. ನನ್ನ ಕೈಯಲ್ಲಿ ರಾಣಿ ಜೋಡಿ. ಕೆಳಗೆ ಹತ್ತು, ನಾಲ್ಕು, ರಾಣಿ. ಆಮೇಲೆ ಇನ್ನೊಂದು ಹತ್ತು. ಮೂರು ರಾಣಿ, ಎರಡು ಹತ್ತು ನನ್ನ ಪಾಲಿಗೆ ಸೇರಿದವು. ಇದನ್ನು ಸೋಲಿಸುವ ಆಟ ಸಿಗುವುದು ಅಪರೂಪ. ಎದುರಿಗೊಬ್ಬ. ಮುಖದ ಜಾಗದಲ್ಲಿ ಹುಲಿಯ ಚಿತ್ರ. ಅವನ ಕೈಯಲ್ಲೊಂದು ಹತ್ತು ಇದೆ ಎಂದು ಅವನು ಕಟ್ಟುವ ಆತುರದಲ್ಲೇ ತಿಳಿಯುತ್ತಿತ್ತು. ಮೂರು ಹತ್ತು ಸಿಕ್ಕ ಹೊಸಬ ಬಿಡುವುದಿಲ್ಲ. ನಾನು ಸ್ವಲ್ಪ ಹಾಕಿದೆ, ಅವನು ಇದ್ದದ್ದೆಲ್ಲ ಹಾಕಿದ. ಇನ್ನೂರು ರೂಪಾಯಿ ನನ್ನ ಕಡೆಗೆ ಬಂತು. ಮರುನಿಮಿಷಕ್ಕೆ ಮತ್ತೆ ಇನ್ನೂರು ತಂದ. ಈ ಸಲ ಎಲ್ಲ ಎಲೆಗೂ ಕಟ್ಟುತ್ತಾನೆ; ಎರಡು, ಏಳು ಬಂದರೂ ಬಿಡಲೊಲ್ಲ. ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು. ಅರ್ಧ ಗಂಟೆಯಲ್ಲಿ ಆ ಇನ್ನೂರೂ ಹೋಯಿತು, ಮೂರನೆಯ ಇನ್ನೂರೂ ಹೋಯಿತು. ಎಲ್ಲವೂ ನನಗೇ ಬರಲಿಲ್ಲ, ಮೇಜಿನಲ್ಲಿ ಇನ್ನೂ ನಾಲ್ವರಿದ್ದರು. ಅವರಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ಹುಲಿಗೊಬ್ಬನಿಗೇ ತಿಳಿದಿರಲಿಲ್ಲ.

ಮಾರನೆಯ ಭಾನುವಾರ ಕೆಂಗೇರಿಯಲ್ಲಿ ಇದನ್ನು ಹೇಳಿದೆ. ತಮ್ಮನ ಮಗ ನಕ್ಕ. "ಅಂಥೋರನ್ನ ಮೀನು ಅಂತಾರೆ ಅತ್ತೆ. ಮೇಜಲ್ಲಿ ಮೀನು ಇದೆಯಾ ಅಂತ ನೋಡ್ಕೊಂಡೇ ಕೂರಬೇಕು" ಎಂದ.

ಊಟ ಸೇರಲಿಲ್ಲ. ಆ ರಾತ್ರಿ ನನ್ನ ಬಾಯಿಗೆ ಬಂದು ನಿಂತಿದ್ದ ಮಾತು "ಬಿಡಪ್ಪಾ, ಆ ಎಲೆ ಬಿಡು" ಎಂಬುದು. ತರಗತಿಯಲ್ಲಾದರೆ ಹೇಳುತ್ತಿದ್ದೆ. ಗುಣಾಕಾರ ತಪ್ಪಿದ ಮಗುವಿಗೆ ಹೇಳುವುದಕ್ಕೇ ನನಗೆ ಸಂಬಳ. ನನಗೆ ಗೊತ್ತಿರುವುದನ್ನು ಗೊತ್ತಿಲ್ಲದವರಿಗೆ ಕೊಟ್ಟು ಮೂವತ್ತು ವರ್ಷ ಅನ್ನ ತಿಂದವಳು, ಇಲ್ಲಿ ಗೊತ್ತಿಲ್ಲದವರಿಗೆ ಗೊತ್ತಿಲ್ಲ ಎಂಬುದಕ್ಕೇ ಅವರ ದುಡ್ಡು ಎತ್ತಿಕೊಳ್ಳುತ್ತಿದ್ದೆ. ಕೋರ್ಟಿನ ಮಾತು ನನಗೆ ಅಲ್ಲಿ ತಲೆಕೆಳಗಾಗಿ ಕಂಡಿತು. ಕೌಶಲ ಇದೆ, ಆದ್ದರಿಂದ ತಪ್ಪಲ್ಲ ಎಂಬುದು ಕಾನೂನಿನ ದಾರಿ. ಕಾನೂನಿಗೆ ಅದು ಸರಿಯೇ ಇರಬಹುದು. ಮನಸ್ಸಿನ ದಾರಿಯಲ್ಲಿ ಕೌಶಲ ಇರುವುದೇ ಹೆಚ್ಚು ತಪ್ಪಲ್ಲವೆ? 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಲ್ಲುವವರೆಗೆ ಮೂಲೆಮೂಲೆಯಲ್ಲಿ ಟಿಕೆಟು ಹರಿದು ಬಿದ್ದಿರುತ್ತಿದ್ದವು. ಎಷ್ಟೋ ಮನೆ ಹಾಳಾಯಿತು, ನಿಜ. ಆದರೆ ಗೆದ್ದವನು ಸೋತವನ ದಡ್ಡತನ ನೋಡಿಕೊಂಡು ಗೆದ್ದಿರಲಿಲ್ಲ. ಇಬ್ಬರೂ ಒಂದೇ ಥರ ಕುರುಡರು.

ಇದನ್ನು ಹೇಳಿದರೆ ಹುಡುಗ ಬಿಡುತ್ತಾನೆಯೇ? "ಅವನು ತಾನಾಗಿ ಬಂದ ಅತ್ತೆ. ಯಾರೂ ಕರೀಲಿಲ್ಲ." ಇದು ಅವನ ಮೊದಲನೆಯ ವಾದ. ಧರ್ಮರಾಯನೂ ಒಂದು ಲೆಕ್ಕದಲ್ಲಿ ತಾನಾಗಿಯೇ ಬಂದವನು. ಕರೆದರೆ ಬರಲೇಬೇಕೆಂಬ ವ್ರತ ಒಂದು, ಆಡುವ ಆಸೆ ಒಂದು. ಆಟ ಮಾತ್ರ ಬಾರದು. ಶಕುನಿಗೆ ಆಟ ಬರುತ್ತಿತ್ತು. ನಾವು ಶಕುನಿಯನ್ನು ಮೋಸಗಾರ ಎನ್ನುತ್ತೇವೆ. ಅವನು ದಾಳದಲ್ಲಿ ಮೋಸವೇ ಮಾಡಿರಲಿಲ್ಲ, ಬರೀ ಚೆನ್ನಾಗಿ ಆಡಿದ ಎಂದುಕೊಳ್ಳಿ. ದ್ರೌಪದಿಯ ಪ್ರಶ್ನೆ ಇಲ್ಲವಾಗುತ್ತಿತ್ತೇ? ಮಹಾಭಾರತದಲ್ಲಿ ಇನ್ನೊಂದು ಸ್ವಾರಸ್ಯವಿದೆ, ಅದನ್ನು ಹೆಚ್ಚು ಮಂದಿ ಗಮನಿಸುವುದಿಲ್ಲ. ವನವಾಸದಲ್ಲಿ ಬೃಹದಶ್ವ ಮುನಿ ನಳನ ಕಥೆ ಹೇಳಿ ಕೊನೆಗೆ ಧರ್ಮರಾಯನಿಗೆ ದಾಳದ ವಿದ್ಯೆಯನ್ನೂ ಹೇಳಿಕೊಡುತ್ತಾನೆ. ಆ ವಿದ್ಯೆ ಕಲಿತವನು ವಿರಾಟನ ಮನೆಯಲ್ಲಿ ಕಂಕನಾಗಿ ರಾಜನಿಗೆ ದಾಳವಾಡಿಸಿಕೊಂಡೇ ವರ್ಷ ಕಳೆಯುತ್ತಾನೆ. ಹಸ್ತಿನಾವತಿಯಲ್ಲಿ ಮೀನಾಗಿದ್ದವನು! ಅಲ್ಲಿ ಅವನಿಗೆ ಏನನ್ನಿಸಿರಬಹುದು ಎಂದು ಮಕ್ಕಳಿಗೆ ಪಾಠ ಮಾಡುವಾಗ ನನಗೆ ಎಂದೂ ಹೊಳೆದಿರಲಿಲ್ಲ.

ಅವನ ಎರಡನೆಯ ವಾದ ಇನ್ನೂ ಗಟ್ಟಿ. "ನಿಮ್ಮ ಚೀಟಿ ಏನು ಅತ್ತೆ ಮತ್ತೆ?" ನಮ್ಮ ಶಾಲೆಯ ಇಪ್ಪತ್ತು ಮಂದಿ ಸೇರಿ ಚೀಟಿ ನಡೆಸುತ್ತೇವೆ. ತಿಂಗಳಿಗೊಮ್ಮೆ ಕೂಗುತ್ತೇವೆ. ಯಾರಿಗೆ ತುರ್ತೋ ಅವರು ಹೆಚ್ಚು ಬಿಟ್ಟುಕೊಟ್ಟು ಎತ್ತುತ್ತಾರೆ, ಅವರು ಬಿಟ್ಟದ್ದು ನಮಗೆಲ್ಲ ಹಂಚಿಕೆಯಾಗುತ್ತದೆ. ಅವರ ಕಷ್ಟವೇ ನಮ್ಮ ಲಾಭ. ಇಷ್ಟು ವರ್ಷ ಅದನ್ನು ಉಳಿತಾಯ ಎಂದು ಕರೆದಿದ್ದೇನೆ. ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಮೆಟ್ರೋದಲ್ಲಿ ವಾಪಸು ಬರುವಾಗ ನೆನಪಾಯಿತು. ಒಂದು ಸಲ ನಮ್ಮ ಗಣಿತದ ಮೇಡಂ ಮಗಳಿಗೆ ಏಳನೇ ತಿಂಗಳಲ್ಲೇ ಹೆರಿಗೆಯಾಗಿ ಮಗು ಗಾಜಿನ ಪೆಟ್ಟಿಗೆಯಲ್ಲಿತ್ತು. ಆ ತಿಂಗಳು ಕೂಗಲು ಕುಳಿತ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಯಾರೂ ಬಾಯಿ ತೆರೆಯಲಿಲ್ಲ. ಅವರು ಒಂದು ರೂಪಾಯಿಯನ್ನೂ ಬಿಡದೆ ಪೂರ್ತಿ ಚೀಟಿ ತೆಗೆದುಕೊಂಡು ಹೋದರು. ಪೋಕರ್ ಮೇಜಿನಲ್ಲಿ ಹುಲಿಯ ಚಿತ್ರದ ಹಿಂದೆ ಯಾವ ಗಾಜಿನ ಪೆಟ್ಟಿಗೆ ಇದೆಯೋ ನಾನು ಹೇಗೆ ಬಲ್ಲೆ? ಕಾಣದಿದ್ದರೆ ಬಾಯಿ ಮುಚ್ಚಿಕೊಳ್ಳುವ ಅವಕಾಶವೇ ಇರುವುದಿಲ್ಲ. ಹಾಗೆಂದು ಮುಖ ಕಂಡವರೆಲ್ಲ ಬಾಯಿ ಮುಚ್ಚುತ್ತಾರೆಂದೂ ಅಲ್ಲ. ಶಕುನಿ ಎದುರಿಗೇ ಕುಳಿತಿದ್ದ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಮೇಜು ಹಾಕಿಕೊಟ್ಟವರು ಪ್ರತಿ ಗೆಲುವಿನಲ್ಲೂ ಇಷ್ಟೆಂದು ಕತ್ತರಿಸಿಕೊಳ್ಳುತ್ತಾರೆ. ನಾನಾಡುತ್ತಿದ್ದಲ್ಲಿ ನೂರಕ್ಕೆ ಐದು. ಐದು ಜನ ಇನ್ನೂರಿನ್ನೂರು ತಂದು ರಾತ್ರಿಯೆಲ್ಲ ಆಡಿದರೆ ಬೆಳಗ್ಗೆ ಐವರ ಬಳಿಯೂ ಸೇರಿ ಸಾವಿರ ಇರುವುದಿಲ್ಲ. ಹುಣಸೆ ಬೀಜದ ಡಬ್ಬಿಯಲ್ಲಿ ಹೀಗೆ ಆದದ್ದಿಲ್ಲ.

ಇಷ್ಟೆಲ್ಲ ಯೋಚಿಸಿದವಳು ನಿಲ್ಲಿಸಿದಳೇ ಎಂದು ನೀವು ಕೇಳಬಹುದು. ಇಲ್ಲ. ಮೇಜು ಬದಲಿಸಿದೆ, ಅಷ್ಟೇ. ಮೀನಿದ್ದಲ್ಲಿ ಕೂರುವುದಿಲ್ಲ ಎಂದು ನಿಯಮ ಮಾಡಿಕೊಂಡೆ. ಆ ನಿಯಮದಿಂದ ಒಂದು ತಿಂಗಳಲ್ಲಿ ಮುನ್ನೂರು ಕಳೆದುಕೊಂಡು ಅದನ್ನು ಬಿಟ್ಟೆ.

2024ರ ಸಂಕ್ರಾಂತಿ ಕಳೆದ ವಾರ ನಮ್ಮ ಶಾಲೆಯ ಆಯಾ ನನ್ನ ಹತ್ತಿರ ಬಂದಳು. ಕಾಮಾಕ್ಷಿಪಾಳ್ಯದವಳು. ಅವಳ ಮಗ ನನ್ನ ಕೈಯಲ್ಲೇ ಓದಿದವನು, ಅಲ್ಲೇ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. "ಮೇಡಂ, ಫೋನಲ್ಲಿ ಅದೇನೋ ಎಲೆಯಾಟ ಅಂತೆ. ಮಗಳ ಮದ್ವೆಗೆ ಅಂತ ಚೀಟಿ ಎತ್ತಿ ಇಟ್ಟಿದ್ದ ದುಡ್ಡು. ಅರವತ್ತೆರಡು ಸಾವಿರ. ನಾನು ಕೇಳಿದ್ರೆ ಮಾತೇ ಆಡಲ್ಲ. ನಿಮ್ ಮಾತು ಕೇಳ್ತಾನೆ, ಒಂದ್ಸಲ ಬುದ್ಧಿ ಹೇಳಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನ ಎದೆ ಧಸಕ್ಕೆಂದಿತು. ಎಲೆಯಾಟ ಎಂದರೆ ರಮ್ಮಿ ಇರಲಪ್ಪಾ ದೇವರೇ ಎಂದುಕೊಂಡೆ. ಅದೇಕೆ ಹಾಗೆ ಬೇಡಿಕೊಂಡೆ ಎಂದು ಹೇಳಬೇಕಾಗಿಲ್ಲ.

ಹುಡುಗ ಶನಿವಾರ ಮಧ್ಯಾಹ್ನ ಬಂದ. ಬೆರಳಿನ ಸಂದಿಯಲ್ಲೆಲ್ಲ ಎಣ್ಣೆ ಮಸಿ. ಖಾಲಿ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕುಳಿತ. ತಾಯಿ ಬಾಗಿಲ ಬಳಿ ಟೀ ಲೋಟ ಹಿಡಿದು ನಿಂತಿದ್ದಳು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಬೆವರಿನ ದುಡ್ಡು, ತಂಗಿಯ ಮದುವೆ, ತಾಯಿಯ ವಯಸ್ಸು. ಅವನು ತಲೆ ಎತ್ತಲಿಲ್ಲ. ಯಾವ ಆಟ ಎಂದು ಕೇಳಿದೆ. "ಪೋಕರ್" ಎಂದ. ನನಗೆ ಅದೇನಾಯಿತೋ, ಸಿಟ್ಟೋ ಸಂಕಟವೋ ತಿಳಿಯದು, "ಅಲ್ಲವೋ, ಮೊದಲ ಮೂರು ಎಲೆ ಬಿದ್ದ ಮೇಲೂ ಏನೂ ಕೂಡಲಿಲ್ಲ ಅಂದರೆ ಫೋಲ್ಡ್ ಮಾಡಬಾರದಿತ್ತೇ?" ಎಂದುಬಿಟ್ಟೆ.

ಆಗ ತಲೆ ಎತ್ತಿದ.

"ನೀವೂ ಆಡ್ತೀರಾ ಮೇಡಂ?"

ಸುಳ್ಳು ಹೇಳಬಹುದಿತ್ತು. ಪೇಪರಿನಲ್ಲಿ ಓದಿದೆ ಎಂದರೆ ನಂಬುತ್ತಿದ್ದ. ಮೇಡಂ ಮಾತನ್ನು ನಂಬಬೇಕು ಎಂದು ಅವನಿಗೆ ಕಲಿಸಿದ್ದವಳೇ ನಾನು. "ಆಡ್ತೀನಿ. ಸಣ್ಣದಾಗಿ" ಎಂದೆ.

"ಗೆಲ್ತೀರಾ?"

"ಸ್ವಲ್ಪ."

ಅವನು ಸ್ವಲ್ಪ ಹೊತ್ತು ಬೆಂಚಿನ ಮೇಲೆ ಯಾರೋ ಕೊರೆದಿದ್ದ ಹೆಸರನ್ನು ಉಗುರಿನಿಂದ ಕೆರೆಯುತ್ತಿದ್ದ. "ಹಂಗಾದ್ರೆ ನಾನು ಸೋತಿದ್ದು ನಿಮ್ಮಂಥೋರ್ಗೇ" ಎಂದ. ಕೋಪದಿಂದಲ್ಲ. ಲೆಕ್ಕ ಬಿಡಿಸಿ ಉತ್ತರ ಹೇಳುವ ಹುಡುಗನ ದನಿಯಲ್ಲಿ. ತಾಯಿಗೆ ಏನೂ ಅರ್ಥವಾಗಲಿಲ್ಲ. "ಮೇಡಂ ಹೇಳ್ದಂಗೆ ಕೇಳು" ಎಂದು ಬಾಗಿಲಿನಿಂದಲೇ ಗದರಿದಳು.

ಬುದ್ಧಿ ಹೇಳುವ ಹಕ್ಕು ಅಲ್ಲಿಗೆ ಮುಗಿಯಿತು. ಆದರೆ ವಿಚಿತ್ರವೆಂದರೆ, ಆಮೇಲೆಯೇ ಅವನು ಮಾತಾಡಿದ್ದು. ಎಷ್ಟು ಸೋತ, ಯಾವಾಗ ಸೋತ, ಸೋತದ್ದನ್ನು ಎತ್ತಿಬಿಡುತ್ತೇನೆಂದು ಹೇಗೆ ಮತ್ತೆ ಹಾಕಿದ, ಸಾಲ ಕೊಡುವ ಆಪ್‌ನಿಂದ ಎಷ್ಟು ತೆಗೆದ, ಎಲ್ಲವನ್ನೂ ಹೇಳಿದ. ನಾನು ಹಳೆಯ ಅಟೆಂಡೆನ್ಸ್ ಪುಸ್ತಕದಲ್ಲಿ ಬರೆದಿದ್ದ ಲೆಕ್ಕ ತೋರಿಸಿದೆ. ಹತ್ತಕ್ಕೆ ಎಂಟು ಬಿಡಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿಯೇ ಇರಲಿಲ್ಲ. ಮೇಜಿನವರು ಕತ್ತರಿಸಿಕೊಳ್ಳುವ ಐದು ರೂಪಾಯಿಯ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆದೆ. ಅದನ್ನು ಬಹಳ ಹೊತ್ತು ನೋಡುತ್ತ ಕುಳಿತ. ನಾನು ಅವನಿಗೆ ಜೂಜು ಬಿಡುವುದನ್ನು ಕಲಿಸಿದೆನೋ, ಆಡುವುದನ್ನು ಕಲಿಸಿದೆನೋ ಇಂದಿಗೂ ಗೊತ್ತಿಲ್ಲ. ಸಂಜೆ ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಟೀವಿಯ ದನಿ ತಗ್ಗಿಸಿ ಪೂರ್ತಿ ಕೇಳಿ, "ಎಷ್ಟಿದೆ ಅದರಲ್ಲಿ?" ಎಂದರು. ಗಂಡಸರೇ ಹೀಗೆ.

2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಕೌಶಲವೋ ಅದೃಷ್ಟವೋ ಎಂದು ಈ ಕಾನೂನು ಕೇಳುವುದಿಲ್ಲ. ಆಡುವವರಿಗೆ ಶಿಕ್ಷೆಯಿಲ್ಲ. ನಾನಾಡುತ್ತಿದ್ದ ಮೇಜು ಅದೇ ವಾರ ಮುಚ್ಚಿತು. ಉಳಿದಿದ್ದ ಹಣವನ್ನು ಬ್ಯಾಂಕಿಗೆ ತರಿಸಿಕೊಂಡೆ. ನಾನು ಒಟ್ಟು ಹಾಕಿದ್ದು ಸಾವಿರ, ಬಂದದ್ದು ಎರಡು ಸಾವಿರದ ಎಂಟುನೂರ ನಲವತ್ತು. ಮೊದಲು ಆ ಮೇಲಿನ ದುಡ್ಡನ್ನು ಆಯಾಳ ಮಗಳ ಮದುವೆಗೆ ಮುಯ್ಯಿ ಹಾಕೋಣವೆಂದುಕೊಂಡೆ. ಬೇರೆ ಯಾರದೋ ದುಡ್ಡಿನಲ್ಲಿ ನಾನು ದೊಡ್ಡವಳಾಗುವುದು ಯಾಕೋ ಸರಿಯೆನಿಸಲಿಲ್ಲ. ಮುಯ್ಯಿಯನ್ನು ಸಂಬಳದಲ್ಲೇ ಹಾಕಿದೆ. ಸಾವಿರದ ಎಂಟುನೂರ ನಲವತ್ತು ಹಾಗೆಯೇ ಇದೆ. ಹಿಂದಿರುಗಿಸೋಣವೆಂದರೆ ಹುಲಿಯ ವಿಳಾಸವಿಲ್ಲ.

ಮೊನ್ನೆ ಹುಡುಗ ಸಿಕ್ಕಿದ್ದ, ಮಾಗಡಿ ರಸ್ತೆಯಲ್ಲಿ, ತರಕಾರಿ ಗಾಡಿಯ ಹತ್ತಿರ. ಸಾಲ ಇನ್ನು ಸ್ವಲ್ಪ ಇದೆಯಂತೆ, ತಿಂಗಳು ತಿಂಗಳೂ ಕಟ್ಟುತ್ತಿದ್ದಾನಂತೆ. ನನ್ನ ಚೀಲ ಎತ್ತಿ ಆಟೋದಲ್ಲಿಟ್ಟ. ಹೊರಡುವಾಗ ಬಗ್ಗಿ ಮೆಲ್ಲಗೆ ಕೇಳಿದ, "ಈಗ್ಲೂ ಆಡ್ತೀರಾ ಮೇಡಂ?"

"ಎಲ್ಲಪ್ಪಾ, ಮುಚ್ಚಿಬಿಟ್ಟರಲ್ಲ" ಎಂದೆ.

ಅವನು ನಕ್ಕು ಕೈ ಮುಗಿದ. ಆಟೋ ಟೋಲ್‌ಗೇಟ್ ದಾಟಿ ಬಲಕ್ಕೆ ತಿರುಗುವ ಹೊತ್ತಿಗೆ ನನಗೆ ಅರಿವಾಯಿತು, ಮುಚ್ಚಿದರು ಎಂದೆನೇ ಹೊರತು ಬಿಟ್ಟೆ ಎನ್ನಲಿಲ್ಲ.